ನಿಂತ ಗಾಡಿಯ ಹನ್ನೆರಡು ಭಾನುವಾರ

ಹನ್ನೆರಡು ಭಾನುವಾರ, ಒಂದನ್ನೂ ತಪ್ಪಿಸದೆ, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಕನ್ನಡಕದ ಯಜಮಾನರು ಶೆಡ್ಡಿಗೆ ಹೋಗಿ ಹೆಂಡತಿಯ ಕಾರನ್ನು ಸ್ಟಾರ್ಟ್ ಮಾಡಿದ್ದರು. ಈ ಒಂದು ವಿಷಯದಲ್ಲಿ ಅವರತ್ತ ಯಾರೂ ಬೊಟ್ಟು ಮಾಡುವ ಹಾಗಿರಲಿಲ್ಲ. ಒಂದು ವಾರ ನೆಗಡಿ ಹಿಡಿದು ಕಣ್ಣು ಮೂಗೆಲ್ಲ ಸುರಿಯುತ್ತಿದ್ದಾಗಲೂ ಕರವಸ್ತ್ರ ಒತ್ತಿಕೊಂಡೇ ಹೋಗಿ ಕೂತಿದ್ದರು.

ಹಾಗಂತ ಅವರಿಗೂ ಕಾರಿಗೂ ಏನೂ ಸ್ನೇಹವಿರಲಿಲ್ಲ. ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುವ ಮನುಷ್ಯ. ಸಾಸಿವೆಗಿಂತ ಸಣ್ಣ ಸ್ಕ್ರೂ, ಗಾಜಿನ ಅಂಚು, ಮೂಗಿನ ಮೇಲೆ ಕೂರುವ ಪುಟ್ಟ ರಬ್ಬರು, ಇಷ್ಟೇ ಅವರ ಪ್ರಪಂಚ. ಗಾಡಿ ಏನಿದ್ದರೂ ಹೆಂಡತಿಯ ಪಾಲು. ಆಕೆ ಡ್ರೈವಿಂಗ್ ಶಾಲೆಯ ಮಿಸ್. ಊರಿನ ಅರ್ಧ ಜನ ಆಕೆಯ ಕೈಯಲ್ಲಿ ಬೈಸಿಕೊಂಡೇ ಸ್ಟೀರಿಂಗ್ ಹಿಡಿದವರು. ಹದಿನೆಂಟು ತುಂಬಿದವರಿಗೂ ಆಕೆ ಮಿಸ್ಸೇ, ಮೊಮ್ಮಕ್ಕಳನ್ನು ಕಂಡವರಿಗೂ ಮಿಸ್ಸೇ. ಯಜಮಾನರೂ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟು ಮನೆಯಲ್ಲಿ ನಗೆಪಾಟಲಾಗಿದ್ದುಂಟು.

ಎಂಟು ತಿಂಗಳ ಹಿಂದೆ ಮಿಸ್ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡತೊಡೆಯ ಮೂಳೆ ಎರಡು ಕಡೆ ಮುರಿದುಕೊಂಡರು. ಒಳಗೆ ರಾಡು ಹಾಕಿದರು. ಶಾಲೆಯ ಕ್ಲಚ್ಚಿನ ಗಾಡಿಗಳೆರಡನ್ನೂ ಕಿರಿಯ ಟೀಚರ್ ನೋಡಿಕೊಂಡಳು. ಮನೆಯ ಶೆಡ್ಡಿನಲ್ಲಿದ್ದ ಮಿಸ್ಸಿನ ಸ್ವಂತ ಕಾರನ್ನೂ ಐದು ತಿಂಗಳು ಅವಳೇ ವಾರಕ್ಕೊಮ್ಮೆ ಹೊರಗೆ ಓಡಾಡಿಸಿ ತಂದು ನಿಲ್ಲಿಸುತ್ತಿದ್ದಳು. ಆಮೇಲೆ ಅವಳು ಹೆರಿಗೆಗೆ ರಜೆ ಹಾಕಿದಳು. ಕಾರಿನ ಪಾಳಿ ಯಜಮಾನರ ತಲೆಗೆ ಬಂತು.

ಮಿಸ್ ಮಲಗಿದಲ್ಲಿಂದಲೇ ಹೇಳಿಕೊಟ್ಟಿದ್ದರು: ಕೂತುಕೊಳ್ಳಿ, ಬಲಗಾಲಲ್ಲಿ ಬ್ರೇಕ್ ಒತ್ತಿ, ಬಟನ್ ಒತ್ತಿ, ಕಾಲು ಗಂಟೆ ಬಿಡಿ, ಮತ್ತೆ ಬಟನ್ ಒತ್ತಿ ಎದ್ದು ಬನ್ನಿ. ಯಜಮಾನರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು, ಅಕ್ಷರಶಃ ಪಾಲಿಸಿದರು. ಮೇಲಿಂದ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿದರು. ಮೊದಲು ಸೀಟ್ ಬೆಲ್ಟ್. ಆಮೇಲೆ ಕನ್ನಡಿ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಹಿಂದಿನ ಗೋಡೆ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ ನೋಡಿಕೊಳ್ಳುವುದು. ಆಮೇಲೆ ರೇಡಿಯೊ, ತಣ್ಣನೆ ಗಾಳಿ. ಕಾಲು ಗಂಟೆ ಅಂದದ್ದು ಮುಕ್ಕಾಲು ಗಂಟೆಯೂ ಆಗುತ್ತಿತ್ತು. ಕಾರಿಗೆ ಒಳ್ಳೆಯದೇ ಅಲ್ಲವೇ, ಅಂತ ಅವರ ಲೆಕ್ಕ.

ಅದು ಹೈಬ್ರಿಡ್ ಕಾರು. ಹದಿನಾಲ್ಕು ವರ್ಷ ಹಳೆಯದು. ಒಂದು ಪೆಟ್ರೋಲ್ ಇಂಜಿನ್, ಜೊತೆಗೊಂದು ಕರೆಂಟಿನ ಮೋಟಾರು, ಹಿಂದಿನ ಸೀಟಿನ ಬೆನ್ನಿಗೆ ಒಂದು ದೊಡ್ಡ ಬ್ಯಾಟರಿ. ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಹಸಿರು ದೀಪ ಬಂದರೆ ಹೊರಡಲು ತಯಾರು ಅಂತ ಅರ್ಥ. ಮುಖ್ಯವಾಗಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಯಜಮಾನರಿಗೆ ಈ ಕಾರಿನ ಮೇಲೆ ವಾರವಾರಕ್ಕೂ ಅಭಿಮಾನ ಏರುತ್ತಾ ಹೋಯಿತು. ಅಷ್ಟು ಹೊತ್ತು ಚಾಲೂ ಇಟ್ಟರೂ ಪೆಟ್ರೋಲಿನ ಮುಳ್ಳು ಒಂದು ಕೂದಲಷ್ಟೂ ಇಳಿಯುತ್ತಿರಲಿಲ್ಲ. ಅಂಗಡಿಗೆ ಬಂದವರ ಕಣ್ಣು ಪರೀಕ್ಷೆ ಮಾಡುತ್ತಾ ಮಾಡುತ್ತಾ ಈ ಸಂಗತಿಯನ್ನು ನಾಲ್ಕು ಜನಕ್ಕೆ ಹೇಳಿ ಬೀಗಿದ್ದರು.

ಬುಧವಾರ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಕೂಡಿಕೊಂಡಿದೆ, ಕೋಲು ಹಿಡಿದು ಎಷ್ಟು ಬೇಕಾದರೂ ನಡೆಯಿರಿ, ಕ್ಲಚ್ ಇಲ್ಲದ ಗಾಡಿಯಾದರೆ ಓಡಿಸಬಹುದು ಅಂದರು.  ಗುರುವಾರ ಬೆಳಿಗ್ಗೆ ಯಜಮಾನರು ನೋಡುತ್ತಾರೆ, ಮಿಸ್ ಕಪಾಟಿನಿಂದ ತಮ್ಮ ಚಪ್ಪಟೆ ಅಟ್ಟೆಯ ಗಾಡಿ ಓಡಿಸುವ ಬೂಟು ತೆಗೆದು, ಕುರ್ಚಿಯಲ್ಲಿ ಕೂತು, ದಾರ ಕಟ್ಟಿಕೊಳ್ಳುತ್ತಿದ್ದಾರೆ. ಎಡಗಾಲಿಗೆ ಬಗ್ಗುವುದು ಕಷ್ಟ. ಸಹಾಯಕ್ಕೆ ಹೋದರೆ ಬೇಡ ಅಂದರು.

ಅಡುಗೆಮನೆಯ ಬಾಗಿಲಿಂದ ಶೆಡ್ಡಿಗೆ ಇಪ್ಪತ್ತೆರಡು ಹೆಜ್ಜೆ. ಕಾರಿನೊಳಗೆ ಕೂತು, ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಮಿಸ್ ಬಟನ್ ಒತ್ತಿದರು. ಪರದೆ ಬೆಳಗಿತು, ಅದರ ಮಧ್ಯೆ ಕೆಂಪು ತ್ರಿಕೋನ ಬಂತು. ಹಸಿರು ದೀಪ ಬರಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ಆಕೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಹೊರಗೆ ನಿಂತಿದ್ದ ಯಜಮಾನರು ಮನೆಯೊಳಗೆ ಹೋಗಿ ಸರ್ವಿಸ್ ಸೆಂಟರಿನ ನಂಬರು ಹುಡುಕಿದರು.

ಫೋನು ಮಾಡಿದರೆ, ಅಲ್ಲಿಯವನು ಕಾರಿನ ವರ್ಷ ಕೇಳಿ, ದೊಡ್ಡ ಬ್ಯಾಟರಿ ಹೋಗಿರಬೇಕು, ಆ ಮಾದರಿಯದ್ದು ಈಗ ಬರುವುದಿಲ್ಲ ಅಂದ. ಸಾವಿನ ಮನೆಗೆ ಬಂದವನ ದನಿಯಲ್ಲಿ ಅಂದ. ಸಂಜೆ ಬೇರೆ ಊರಿನಲ್ಲಿರುವ ಮಗಳು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಗಾಡಿಗೂ ವಯಸ್ಸಾಯಿತು, ಅಮ್ಮನೂ ಇನ್ನು ಆರಾಮವಾಗಿರಲಿ, ಗುಜರಿಯವನು ಒಬ್ಬ ಗೊತ್ತು, ಸೋಮವಾರ ಬೆಳಿಗ್ಗೆ ಬಂದು ಎತ್ತಿಕೊಂಡು ಹೋಗುತ್ತಾನೆ ಅಂದಳು. ಒಳ್ಳೆಯ ಹುಡುಗಿ, ಕೆಲಸ ಬೇಗ ಮುಗಿಸುವವಳು. ಅದೇ ಅವಳ ಕಾಟ.

ಮಿಸ್ ವಾದ ಮಾಡಲಿಲ್ಲ. "ಆಗಲಿ ಬಿಡು. ನಂಗೂ ಸಾಕು," ಅಂದರು.

 ಮೂವತ್ತು ವರ್ಷದಲ್ಲಿ ಆಕೆ ಯಾವ ಶಿಷ್ಯನಿಗೂ ಸಾಕು ಅಂದವರಲ್ಲ. ಕಂಬಕ್ಕೆ ಗುದ್ದಿದವನಿಗೂ ಅನ್ನಲಿಲ್ಲ, ಚರಂಡಿಗೆ ಇಳಿಸಿದವಳಿಗೂ ಅನ್ನಲಿಲ್ಲ. ಈಗ ಬೂಟು ಮತ್ತೆ ಡಬ್ಬಿಯೊಳಗೆ ಹೋಯಿತು. ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ದಿನಕ್ಕೆ ಮೂರು ಸಲ ಎತ್ತುತ್ತಿದ್ದ ವ್ಯಾಯಾಮ ಗುರುವಾರ ಸಂಜೆ ನಡೆಯಲಿಲ್ಲ, ಶುಕ್ರವಾರ ಬೆಳಿಗ್ಗೆಯೂ ನಡೆಯಲಿಲ್ಲ. ಚೀಲ ಮೂಲೆಯಲ್ಲಿ ಬಿದ್ದಿತ್ತು. ಕಾರು ಹೋದರೆ ಆಕೆ ಇನ್ನು ಯಾರದೋ ಗಾಡಿಯ ಪಕ್ಕದ ಸೀಟಿನಲ್ಲಿ ಕೂರುವವರೇ, ಹಾಗೆ ಕೂರುತ್ತಾ ಕೂರುತ್ತಾ ಮಿಸ್ಸೇ ಇಲ್ಲವಾಗುತ್ತಾರೆ ಅಂತ ಯಜಮಾನರಿಗೆ ಕಂಡಿತು. ಅವರು ಅಂಗಡಿಯ ಬಾಗಿಲಿಗೆ 'ಸೋಮವಾರ ಬನ್ನಿ' ಅಂತ ಚೀಟಿ ಅಂಟಿಸಿ, ಸೀದಾ ಏಳುಸಲನ ಹತ್ತಿರ ಹೋದರು.

ಏಳುಸಲ ಅಂದರೆ ಬ್ಯಾಟರಿ ಅಂಗಡಿಯವನು. ಲಾರಿ ಬ್ಯಾಟರಿ, ಮನೆಯ ಇನ್ವರ್ಟರು, ಕರೆಂಟಿಗೆ ಸಂಬಂಧಿಸಿದ ಏನೇ ಇರಲಿ, ಬಿಚ್ಚಿದರೆ ಮತ್ತೆ ಜೋಡಿಸದೆ ಬಿಡುವವನಲ್ಲ. ಗಾಡಿ ಓಡಿಸುವುದು ಮಾತ್ರ ಅವನಿಗೆ ಒಲಿದು ಬಂದದ್ದಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಆರು ಸಲ ಫೇಲಾಗಿ, ಇನ್ನು ನನ್ನಿಂದಾಗದು ಅಂತ ಕೈಚೆಲ್ಲಿ ಕೂತಿದ್ದವನನ್ನು ಮಿಸ್ ಮನೆಯಿಂದ ಎಬ್ಬಿಸಿಕೊಂಡು ಹೋಗಿ ಏಳನೆಯ ಸಲ ಪಾಸು ಮಾಡಿಸಿದ್ದರು. ಅವತ್ತಿನಿಂದ ಅವನ ನಿಜವಾದ ಹೆಸರು ಅವನ ತಾಯಿಗೂ ಮರೆತುಹೋಗಿದೆ.

ಸಂಗತಿ ಕೇಳಿ ಏಳುಸಲ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು, ಮೀಟರು, ದಪ್ಪ ರಬ್ಬರ್ ಕೈಗವಸು, ತಾನೇ ಮಾಡಿಕೊಂಡ ಒಂದು ಚಾರ್ಜರು ಎಲ್ಲವನ್ನೂ ಸ್ಕೂಟರಿಗೆ ಏರಿಸಿಕೊಂಡು ಬಂದ. ಮಿಸ್ಸಿಗೆ ಮಾತ್ರ, ಗುಜರಿಯವನು ಬರುವ ಮುಂಚೆ ಕಾರಿನ ಸಾಮಾನು ಖಾಲಿ ಮಾಡುತ್ತಿದ್ದೇವೆ ಅಂತ ಹೇಳುವುದು ಅಂತ ಇಬ್ಬರೂ ಮಾತಾಡಿಕೊಂಡರು. ಆಸೆ ಹುಟ್ಟಿಸಿ ಮತ್ತೆ ಕೈಕೊಟ್ಟರೆ ಅದು ಇನ್ನೂ ದೊಡ್ಡ ಪೆಟ್ಟು.

ಬಿಚ್ಚುವ ಮುಂಚೆ ಏಳುಸಲ ಒಂದು ಪ್ರಶ್ನೆ ಕೇಳಿದ. ವಾರವಾರ ಸ್ಟಾರ್ಟ್ ಮಾಡುತ್ತಿದ್ದ ಗಾಡಿಯ ಬ್ಯಾಟರಿ ಹೀಗೆ ಬರಿದಾಗಬಾರದಲ್ಲ, ನೀವು ಹೇಗೆ ಮಾಡುತ್ತಿದ್ದಿರಿ ತೋರಿಸಿ, ಅಂದ. ಯಜಮಾನರು ಹೆಮ್ಮೆಯಿಂದಲೇ ಕೂತರು. ಬೆಲ್ಟು. ಕನ್ನಡಿ. ಬ್ರೇಕು. ಬಟನ್ನು. ಮರುಕ್ಷಣವೇ ಎಡಗೈಯಲ್ಲಿ ಹ್ಯಾಂಡ್‌ಬ್ರೇಕ್ ನೋಡಿಕೊಂಡು, ಗೇರಿನ ಪುಟ್ಟ ಹಿಡಿಯನ್ನು ನ್ಯೂಟ್ರಲ್‌ಗೆ ಸರಿಸಿದರು.

ಏಳುಸಲ ಕಣ್ಣು ಪಿಳಿಪಿಳಿ ಮಾಡಿದ. "ಅದನ್ನ ಯಾಕೆ ಸರಿಸಿದ್ರಿ?"

"ಗಾಡಿ ನಿಂತಿದೆಯಲ್ಲ," ಅಂದರು ಯಜಮಾನರು. "ನಿಂತ ಗಾಡಿ ನ್ಯೂಟ್ರಲ್‌ನಲ್ಲಿರಬೇಕು."

ಏಳುಸಲನ ಬಾಯಿ ತಾನಾಗಿಯೇ ಅದರ ಮುಂದಿನ ಸಾಲನ್ನು ಹೇಳಿತು: ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಕೈ ಎರಡೂ ಕಾಣೋ ಹಾಗಿರಬೇಕು. ಅದು ಮಿಸ್ಸಿನ ಮೊದಲ ದಿನದ ಪಾಠ. ಊರಿನ ಅರ್ಧ ಜನ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲ ಪಾಠ. ಆಮೇಲೆ ಅವನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೆಲ್ಲನೆ, ಮನಸ್ಸಿಗೆ ನೋವಾಗದ ಹಾಗೆ ಬಿಡಿಸಿ ಹೇಳಿದ. ಅದು ಕ್ಲಚ್ಚಿನ ಗಾಡಿಯ ಪಾಠ. ಈ ಗಾಡಿಯ ಗೇರನ್ನು ಪಾರ್ಕಿಂಗಿನಲ್ಲೇ ಬಿಟ್ಟರೆ, ದೊಡ್ಡ ಬ್ಯಾಟರಿ ಇಳಿದಾಗ ಇಂಜಿನ್ ತಾನೇ ಎದ್ದು ಅದನ್ನು ತುಂಬುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ನಿಗೂ ಬ್ಯಾಟರಿಗೂ ಮಾತುಕತೆಯೇ ಇಲ್ಲ. ರೇಡಿಯೊ, ತಣ್ಣನೆ ಗಾಳಿ, ಪರದೆ ಎಲ್ಲವೂ ಬ್ಯಾಟರಿಯಿಂದ ಕುಡಿಯುತ್ತವೆ, ತುಂಬುವವರು ಯಾರೂ ಇಲ್ಲ. ಪೆಟ್ರೋಲು ಖರ್ಚಾಗದೆ ಇದ್ದದ್ದು ಅದಕ್ಕೇ.

ಯಜಮಾನರು ಪೆಚ್ಚಾದರು. ಹನ್ನೆರಡು ಭಾನುವಾರ ತಾವು ಮಾಡಿದ್ದು ಆರೈಕೆಯಲ್ಲ, ಕೂತು ಕೂತು ಬರಿದು ಮಾಡಿದ್ದು. ಒಂದು ವಾರವೂ ತಪ್ಪಿಸಲಿಲ್ಲ ಅನ್ನುವ ಹೆಮ್ಮೆಯೇ ಈಗ ತಿರುಗಿ ಚುಚ್ಚಿತು. ಸೋಮಾರಿಯಾಗಿ ಮನೆಯಲ್ಲಿ ಬಿದ್ದುಕೊಂಡಿದ್ದರೆ ಕಾರು ಇಷ್ಟು ಕೆಡುತ್ತಿರಲಿಲ್ಲ. ಅವರು ಏಳುಸಲನ ತೋಳು ಹಿಡಿದುಕೊಂಡು, ಇದನ್ನು ಅವಳಿಗೆ ಮಾತ್ರ ಹೇಳಬೇಡ ಮಾರಾಯ ಅಂದರು. ಅವನು ಆಣೆ ಹಾಕಿದ.

ಕೆಲಸ ಶುರುವಾಯಿತು. ವಾಚು, ಉಂಗುರ ಬಿಚ್ಚಿಡಿ ಅಂದ ಏಳುಸಲ. ಲೋಹ ತಾಗಿದರೆ ಮನುಷ್ಯ ಉಳಿಯುವುದಿಲ್ಲ, ಇದು ಟಾರ್ಚಿನ ಬ್ಯಾಟರಿಯಲ್ಲ ಅಂದ. ಯಜಮಾನರ ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು, ಸೋಪು ಹಚ್ಚಿ ಎಳೆಯಬೇಕಾಯಿತು. ಹಿಂದಿನ ಸೀಟು ಬಿಚ್ಚಿ, ಕೈಗವಸು ಹಾಕಿಕೊಂಡು, ಏಳುಸಲ ಕಿತ್ತಳೆ ಬಣ್ಣದ ಒಂದು ಪ್ಲಗ್ಗನ್ನು ಎಳೆದು ತನ್ನ ಜೇಬಿಗೇ ಹಾಕಿಕೊಂಡ. ಅದು ಹೊರಗಿದ್ದರೆ ಬ್ಯಾಟರಿಯಿಂದ ಗಾಡಿಗೆ ಕರೆಂಟು ಹರಿಯುವುದಿಲ್ಲ. ಆದರೂ ಹತ್ತು ನಿಮಿಷ ಯಾರೂ ಏನೂ ಮುಟ್ಟಬಾರದು. ಇಬ್ಬರೂ ಶೆಡ್ಡಿನ ಬಾಗಿಲಲ್ಲಿ ಚಹಾ ಕುಡಿಯುತ್ತಾ ಹತ್ತು ನಿಮಿಷ ಕಾದರು. ಆಮೇಲೆ ಮೀಟರಿಟ್ಟು ನೋಡಿ, ಮುಚ್ಚಳ ತೆಗೆದರು.

ಒಳಗೆ ಇಪ್ಪತ್ತೆಂಟು ಬ್ಲಾಕುಗಳು, ಕಪಾಟಿನ ಪುಸ್ತಕಗಳ ಹಾಗೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಎಲ್ಲ ಸೇರಿ ಇನ್ನೂರು ವೋಲ್ಟು ದಾಟಬೇಕು. ಮೀಟರು ನೂರ ಅರವತ್ತರ ಕೆಳಗೆ ತೋರಿಸಿತು. ಒಂದೊಂದನ್ನೇ ಅಳೆದಾಗ ಹೆಚ್ಚಿನವು ಆರು ಚಿಲ್ಲರೆ. ನಾಲ್ಕೈದು ಬ್ಲಾಕು ಅದಕ್ಕೂ ಕೆಳಗೆ. ಹದಿನೇಳನೆಯದು ಎರಡಕ್ಕೇ ಇಳಿದಿತ್ತು. ಏಳುಸಲ ತಲೆ ಕೆರೆದುಕೊಂಡ. ಎಲ್ಲಾದರೂ ಉಬ್ಬಿದೆಯೇ, ಸೋರಿದೆಯೇ ಅಂತ ಬೆಳಕು ಬಿಟ್ಟು ನೋಡಿದ, ಇರಲಿಲ್ಲ. ಸತ್ತಿಲ್ಲ, ಹಸಿದಿದೆ ಅಂದ. ಆದರೆ ಇಷ್ಟು ಹಸಿದದ್ದಕ್ಕೆ ಒಮ್ಮೆಗೇ ಉಣಿಸಿದರೆ ಬಿಸಿಯೇರಿ ಒಳಗೇ ಕೆಡುತ್ತದೆ. ಹನಿಹನಿಯಾಗಿ ಬಿಡಬೇಕು, ಪಕ್ಕದಲ್ಲಿ ಫ್ಯಾನಿರಬೇಕು, ಯಾರಾದರೂ ಕೂತು ನೋಡುತ್ತಿರಬೇಕು, ನೋಡುವವರಿಲ್ಲದಾಗ ಚಾರ್ಜರು ಆಫ್ ಆಗಿರಬೇಕು. ಹಗಲು ಮಾತ್ರ ಕೆಲಸ. ಭಾನುವಾರ ಮಧ್ಯಾಹ್ನದೊಳಗೆ ಆದರೆ ಆಯಿತು, ಇಲ್ಲವಾದರೆ ಗುಜರಿಯವನಿಗೇ.

ಕೂತು ನೋಡುವುದು ಯಜಮಾನರಿಗೆ ಹೇಳಿ ಮಾಡಿಸಿದ ಕೆಲಸ. ಏಳುಸಲನ ಇನ್ನೊಂದು ಜೊತೆ ಕೈಗವಸು ಹಾಕಿಕೊಂಡು, ಮೀಟರಿನ ಗಾಜನ್ನು ಲೆನ್ಸ್ ಒರೆಸುವ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆಗೊಮ್ಮೆ ಇಪ್ಪತ್ತೆಂಟನ್ನೂ ಅಳೆದು, ಕಣ್ಣಿನ ನಂಬರು ಬರೆಯುವ ಪುಸ್ತಕದಲ್ಲೇ ಸಾಲುಸಾಲಾಗಿ ಬರೆದುಕೊಂಡರು. ಶುಕ್ರವಾರ ಸಂಜೆಗೆ ಎಲ್ಲವೂ ಒಂದಿಷ್ಟು ಮೇಲೆದ್ದಿದ್ದವು. ಶನಿವಾರ ಬೆಳಿಗ್ಗೆ ಏಳಕ್ಕೇ ಏಳುಸಲ ಬಂದು ಮತ್ತೆ ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳು ಬ್ಲಾಕು ಏಳು ವೋಲ್ಟು ದಾಟಿ ಚೆನ್ನಾಗಿ ನಡೆದವು. ಹದಿನೇಳನೆಯದು ನಾಲ್ಕರಲ್ಲೇ ಮುಖ ಊದಿಸಿಕೊಂಡು ಕೂತಿತ್ತು. ಅದೊಂದು ಕೈಕೊಟ್ಟರೆ ಮಿಕ್ಕವೂ ಕೈಕೊಟ್ಟ ಹಾಗೇ, ಅಂದ ಏಳುಸಲ. ಯಜಮಾನರು ಅದಕ್ಕೆ ಎದುರಾಗಿ ಸ್ಟೂಲು ಹಾಕಿಕೊಂಡು ಕೂತರು. ಕೂತು ನೋಡಿದರೆ ಅದು ಏರುತ್ತದೆ ಅಂತೇನಿಲ್ಲ, ಆದರೂ ಕೂತರು.

ಮೂರು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಕೋಲಿನ ಸದ್ದು ಕೇಳಿತು. ಯಜಮಾನರು ಗಾಬರಿಬಿದ್ದು ಚಾರ್ಜರಿನ ಮೇಲೊಂದು ಗೋಣಿಚೀಲ ಎಳೆದರು. ಫ್ಯಾನು ಆ ಗೋಣಿಯನ್ನು ಹಾರಿಸಿ ಅವರ ಮುಖಕ್ಕೇ ಹಾಕಿತು. ಅವರು ಅದನ್ನು ಮುಖದಿಂದ ತೆಗೆಯುವಷ್ಟರಲ್ಲಿ ಮಿಸ್ ಬಾಗಿಲಲ್ಲಿ ನಿಂತಿದ್ದರು.

ಆಕೆಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಗೇಟಿನ ಹತ್ತಿರ ಒಂದು ಸ್ಕೂಟರು ಅಡ್ಡಡ್ಡ ನಿಂತಿದೆ. ಊರಿನಲ್ಲಿ ಹಾಗೆ ನಿಲ್ಲಿಸುವವನು ಒಬ್ಬನೇ, ಅವನು ಸಾಮಾನು ಖಾಲಿ ಮಾಡಲು ಬರುವವನಲ್ಲ. ಮಿಸ್ ತೆರೆದ ಬ್ಯಾಟರಿಯನ್ನು, ಪುಸ್ತಕದ ಸಾಲುಗಳನ್ನು ನೋಡಿದರು. ಆಮೇಲೆ ಏಳುಸಲನ ಕಡೆ ತಿರುಗಿ, ಇದು ಯಾಕೆ ಹೀಗಾಯಿತು ಅಂತ ಕೇಳಿದರು.

ಏಳುಸಲ ಆಣೆ ಉಳಿಸಿಕೊಂಡ. "ವಯಸ್ಸು ಮಿಸ್. ಹದಿನಾಲ್ಕು ವರ್ಷ ಆಯ್ತಲ್ಲ," ಅಂದ.

"ಹೂಂ. ವಯಸ್ಸು," ಅಂದರು ಮಿಸ್. "ಅದಕ್ಕೇ ನಾನು ಬಿಡಿ ಅಂದದ್ದು. ಸುಮ್ಮನೆ ಯಾಕೆ ಹಿಂಸೆ ಕೊಡ್ತೀರಿ ಅದಕ್ಕೆ." ಹೇಳಿ ಕೋಲನ್ನು ಮನೆಯ ಕಡೆಗೆ ತಿರುಗಿಸಿದರು.

ಆ ಬೆನ್ನು ನೋಡಿ ಯಜಮಾನರಿಗೆ ತಡೆಯಲಾಗಲಿಲ್ಲ. ತಮ್ಮ ಮಾನ ಉಳಿಸಲು ಆಡಿದ ಒಂದು ಸುಳ್ಳು ಸೀದಾ ಹೋಗಿ ಆಕೆಯ ಕಾಲಿಗೆ ತಗುಲಿತ್ತು. ಆಕೆ ಆಡಿದ್ದು ಕಾರಿನ ವಯಸ್ಸಿನ ಮಾತಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ವಯಸ್ಸಲ್ಲ ಕಣೇ," ಅಂದರು. "ನಾನು. ಹನ್ನೆರಡು ವಾರ ನ್ಯೂಟ್ರಲ್‌ಗೆ ಹಾಕಿಟ್ಟು ಖಾಲಿ ಮಾಡಿದ್ದು ನಾನು. ಗಾಡಿಗೆ ಏನೂ ಆಗಿಲ್ಲ."

ಮಿಸ್ ನಿಂತರು. ಏಳುಸಲ ಎದ್ದು ಹೋಗಿ ಫ್ಯಾನಿನ ವೈರನ್ನು ಬಹಳ ಆಸಕ್ತಿಯಿಂದ ಪರೀಕ್ಷೆ ಮಾಡಲು ಶುರುಮಾಡಿದ.

"ನ್ಯೂಟ್ರಲ್‌ಗೆ ಹಾಕಿ ಅಂತ ನಿಮಗೆ ಯಾರು ಹೇಳಿದ್ದು?"

"ನೀನೇ."

"ನಾನು ನಿಮಗೆ ಒಂದು ದಿನವೂ ಪಾಠ ಮಾಡಿಲ್ಲ."

"ನನಗೆ ಮಾಡಿಲ್ಲ. ಗೋಡೆಯ ಆಚೆ ಮಾಡ್ತಿದ್ದೆಯಲ್ಲ, ಮೂವತ್ತು ವರ್ಷ."

ಕನ್ನಡಕದ ಅಂಗಡಿಗೂ ಡ್ರೈವಿಂಗ್ ಶಾಲೆಯ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಈ ಕಡೆ ಯಜಮಾನರು ಗಾಜು ಉಜ್ಜುತ್ತಿದ್ದರೆ ಆ ಕಡೆ ಮಿಸ್ ಪಾಠ ಮಾಡುತ್ತಿದ್ದರು. ಗಂಡ ರೇಡಿಯೊ ಹಾಕಿಕೊಂಡಿರುತ್ತಾರೆ, ತನ್ನ ಪಾಠ ಅವರ ಕಿವಿಗೆ ಬೀಳುವುದಿಲ್ಲ, ಬಿದ್ದರೂ ಬೇಸರವೇ ಅಂತ ಆಕೆ ಇಷ್ಟು ವರ್ಷ ತಿಳಿದಿದ್ದರು. ಯಜಮಾನರು ಈಗ ನೆಲ ನೋಡುತ್ತಾ ಹೇಳಿದರು: ಹೊಸ ತಂಡ ಶುರುವಾದ ದಿನ ರೇಡಿಯೊ ಆರಿಸುತ್ತಿದ್ದೆ. ಮೊದಲ ದಿನದ ಪಾಠ ನನಗೆ ಇಷ್ಟ. ಅವರೆಲ್ಲ ಹೆದರಿಕೊಂಡಿರುತ್ತಾರೆ, ನೀನು ಹೆದರಿಸುವುದಿಲ್ಲ. ಎಂಟು ತಿಂಗಳಿಂದ ಗೋಡೆಯ ಆಚೆ ನಿನ್ನ ದನಿಯಿಲ್ಲ. ಶೆಡ್ಡಿನಲ್ಲಿ ಕೂತಾಗ ನಿನ್ನ ಪಾಠವನ್ನೇ ಮಾಡಿಕೊಳ್ಳುತ್ತಿದ್ದೆ, ಬೆಲ್ಟು, ಕನ್ನಡಿ, ಎಲ್ಲ. ಒಂದೂ ಬಿಡಬಾರದು ಅಂತ.

 ಮಿಸ್ಸಿನ ಮೂಗಿನ ತುದಿ ಕೆಂಪಾಯಿತು. ಆಮೇಲೆ ಕೋಲಿನಿಂದ ಸ್ಟೂಲನ್ನು ತಮ್ಮ ಕಡೆ ಎಳೆದುಕೊಂಡು ಕೂತರು.

"ಆಟೋಮ್ಯಾಟಿಕ್ ಗಾಡಿಯ ಪಾಠ ನಾನು ಮಾಡ್ತಿದ್ದದ್ದು ಶನಿವಾರ," ಅಂದರು. "ಶನಿವಾರ ನೀವು ಲೆನ್ಸ್ ತರೋಕೆ ಹೋಗ್ತಿದ್ರಿ."

ಏಳುಸಲ ಫ್ಯಾನಿನ ಹಿಂದೆ ಬಾಯಿ ಮುಚ್ಚಿಕೊಂಡು ಕುಲುಕಾಡಿದ. ಅವನ ಕಡೆ ಒಂದು ನೋಟ ಹೋಯಿತು, ಕುಲುಕಾಟ ನಿಂತಿತು. ಆಮೇಲೆ ಮಿಸ್ ಅರ್ಧ ಗಂಟೆ ಬೈದರು. ಪಾಠವನ್ನು ಅರ್ಧ ಕೇಳಿ ಬಿಡುವುದು ಪೂರ್ತಿ ಕೇಳದೆ ಇರುವುದಕ್ಕಿಂತ ಅಪಾಯ ಅಂತ ಬೈದರು, ಬೇರೇನೂ ಮುಟ್ಟಬೇಡಿ ಅಂದಿದ್ದೆನೋ ಇಲ್ಲವೋ ಅಂತ ಬೈದರು, ಪರದೆಯ ಮೇಲೆ ಬ್ಯಾಟರಿಯ ಗೆರೆ ಇಳಿಯುತ್ತಿದ್ದದ್ದು ಕಾಣಲಿಲ್ಲವೇ, ಊರವರ ಕಣ್ಣು ಪರೀಕ್ಷೆ ಮಾಡುತ್ತೀರಲ್ಲ ಅಂತಲೂ ಬೈದರು. ಬೇರೇನೂ ಮುಟ್ಟಬೇಡಿ ಅನ್ನುವುದು ಚೀಟಿಯಲ್ಲಿರಲಿಲ್ಲ. ಅದನ್ನು ಹೇಳುವ ಹೊತ್ತಿಗೆ ಯಜಮಾನರು ಬರೆದು ಮುಗಿಸಿ ಪೆನ್ನಿನ ಕ್ಯಾಪು ಹಾಕಿದ್ದರು. ಬೈಸಿಕೊಳ್ಳುತ್ತಾ ಅವರಿಗೆ ಎಂಟು ತಿಂಗಳಲ್ಲಿ ಇಷ್ಟು ಹಾಯಾಗಿ ಎಂದೂ ಅನ್ನಿಸಿರಲಿಲ್ಲ. ಇನ್ನೂ ಸ್ವಲ್ಪ ಬೈಯಲಿ ಅನ್ನಿಸಿತು.

ಅಲ್ಲಿಂದ ಮುಂದೆ ಶೆಡ್ಡಿನ ಆಡಳಿತ ಬದಲಾಯಿತು. ಪುಸ್ತಕ ಮಿಸ್ಸಿನ ಮಡಿಲಿಗೆ ಹೋಯಿತು. ಯಜಮಾನರು ಓದಿ ಹೇಳುವುದು, ಆಕೆ ಬರೆದುಕೊಳ್ಳುವುದು. ಹದಿನೇಳನೆಯದರ ಸರದಿ ಬಂದಾಗ ಆಕೆ ಪೆನ್ನು ಎತ್ತಿ ಕಾಯುತ್ತಿದ್ದರು. ನಾಲ್ಕೂವರೆ. ಇನ್ನೊಂದು ಗಂಟೆಗೆ ಐದು. ಏಳುಸಲ ಆ ಒಂದನ್ನು ಬಿಡಿಸಿಕೊಂಡು, ಬೇರೆಯಾಗಿ ಸಣ್ಣ ಚಾರ್ಜರಿಗೆ ಹಚ್ಚಿ, ಒಂದಿಷ್ಟು ತುಂಬಿ, ಮತ್ತೆ ಖಾಲಿ ಮಾಡಿ, ಮತ್ತೆ ತುಂಬಿದ. ಹಳೆಯ ಬ್ಲಾಕುಗಳಿಗೆ ಹೀಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ ಅಂತ ವಿವರಿಸಿದ. ಏಳು ಸಲವಾದರೂ ಮಾಡು, ನಮಗೇನೂ ಬೇಸರವಿಲ್ಲ ಅಂದರು ಮಿಸ್.

ಸಂಜೆ ಚಾರ್ಜರು ಆರಿಸಿ ಒಳಗೆ ಬಂದ ಮೇಲೆ ಯಜಮಾನರು ತರಕಾರಿ ಹೆಚ್ಚುತ್ತಾ ಕಣ್ಣಂಚಿನಲ್ಲಿ ನೋಡಿದರು. ಮಿಸ್ ಮೂಲೆಯಲ್ಲಿದ್ದ ಮರಳಿನ ಚೀಲವನ್ನು ಕೋಲಿನಿಂದ ಎಳೆದು, ಕಾಲಿಗೆ ಕಟ್ಟಿಕೊಂಡು, ಎಣಿಸುತ್ತಾ ಎತ್ತುತ್ತಿದ್ದರು. ಇಪ್ಪತ್ತು ಆದಮೇಲೂ ಎಣಿಕೆ ನಿಲ್ಲಲಿಲ್ಲ. ಯಜಮಾನರು ಏನೂ ಕಾಣದವರ ಹಾಗೆ ತರಕಾರಿ ಹೆಚ್ಚಿದರು.

ಭಾನುವಾರ ಹತ್ತು ಗಂಟೆಗೆ ಹದಿನೇಳನೆಯದು ಏಳೂವರೆ ದಾಟಿತು. ಬೇರೆಯವು ಎಂಟರ ಹತ್ತಿರ. ಏಳುಸಲ ಅದನ್ನು ಒಂದು ಗಂಟೆ ಏನೂ ಮಾಡದೆ ಬಿಟ್ಟು ಮತ್ತೆ ಅಳೆದ, ಇಳಿದಿರಲಿಲ್ಲ. ಇದು ಹೊಸತಾಗಲಿಲ್ಲ, ಮತ್ತೆ ಎಂದಾದರೂ ತರಲೆ ಮಾಡಬಹುದು, ಆಗ ಇದೊಂದನ್ನು ಬದಲಾಯಿಸಿದರಾಯಿತು, ಅಂದ. ಬ್ಲಾಕನ್ನು ಜಾಗಕ್ಕೆ ಕೂರಿಸಿ, ಪಟ್ಟಿಗಳನ್ನು ಉಜ್ಜಿ ಬಿಗಿಮಾಡಿ, ಮುಚ್ಚಳ ಹಾಕಿ, ಕೊನೆಗೆ ಜೇಬಿನಿಂದ ಕಿತ್ತಳೆ ಪ್ಲಗ್ಗು ತೆಗೆದು ಒಳಗೆ ಒತ್ತಿದ.

ಸ್ಟಾರ್ಟ್ ಮಾಡುವವರು ಯಾರು ಅಂತ ಯಾರೂ ಕೇಳಲಿಲ್ಲ. ಮಿಸ್ ಬೂಟು ಹಾಕಿಕೊಂಡೇ ಬಂದಿದ್ದರು. ಕೂತರು, ಬ್ರೇಕ್ ಒತ್ತಿದರು, ಬಟನ್ ಒತ್ತಿದರು. ಪರದೆ ಬೆಳಗಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಸಿರು ದೀಪ ಬಂತು. ಅದರ ಹಿಂದೆಯೇ ಇಂಜಿನ್ ತಾನಾಗಿಯೇ ಗುರ್ ಎಂದು ಎದ್ದು ನಡುಗಿ, ಸಮಾಧಾನವಾಗಿ ಓಡತೊಡಗಿತು. ಏಳುಸಲ ಪರದೆ ನೋಡಿ, ತುಂಬಿಕೊಳ್ಳುತ್ತಿದೆ ಮಿಸ್ ಅಂದ. ಹೇಳಿ ಪಕ್ಕಕ್ಕೆ ತಿರುಗಿ ಜೋರಾಗಿ ಕೆಮ್ಮಿದ.

ಅವನು ಒಂದು ಗಂಟೆ ಇಂಜಿನ್ ಓಡಿಸಿ, ಬ್ಯಾಟರಿಯ ಬಿಸಿ ನೋಡಿ, ಸೈ ಅಂದ. ಯಜಮಾನರು ಆ ಹೊತ್ತಿಗೆ ಶರಟು ಬದಲಾಯಿಸಿ, ತಲೆ ಬಾಚಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದರು. ಎಂಟು ತಿಂಗಳಲ್ಲಿ ಆಕೆ ಎಲ್ಲಿಗೆ ಹೋದರೂ ಯಾರಾದರೊಬ್ಬರು ಜೊತೆಗಿದ್ದೇ ಇದ್ದರು. ಬಚ್ಚಲಿನ ಬಾಗಿಲ ಹೊರಗೆ, ಮೆಟ್ಟಿಲಿನ ಕೆಳಗೆ, ಹಾಸಿಗೆಯ ಪಕ್ಕ. ಮೊದಲಿಗೆ ನರ್ಸು, ಆಮೇಲೆ ಮಗಳು, ಆಮೇಲೆ ಯಜಮಾನರು. ಒಬ್ಬರೇ ಇರಲು ಬಿಡುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಮಿಸ್ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಎದುರಿಗಿದ್ದ ಗೇಟನ್ನು ನೋಡಿದರು. "ರೀ," ಅಂದರು ಮೆತ್ತಗೆ. "ನೀವು ಇಳೀರಿ. ನಾನು ಒಬ್ಬಳೇ ಹೋಗಿ ಬರ್ತೀನಿ."

ಯಜಮಾನರ ಬಾಯಿಗೆ ನೂರು ಮಾತು ಬಂತು. ಕಾಲು ನೋವು ಬಂದರೆ, ಹದಿನೇಳನೆಯದು ಮತ್ತೆ ಮುನಿಸಿಕೊಂಡರೆ, ನಡುದಾರಿಯಲ್ಲಿ ಕೆಂಪು ತ್ರಿಕೋನ ಬಂದರೆ. ಆಕೆಯ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡರು. ಬೆಲ್ಟು ಬಿಚ್ಚಿ ಇಳಿದು ಹೋಗಿ ಗೇಟು ತೆಗೆದರು. ಕಾರು ಸದ್ದಿಲ್ಲದೆ ಅವರ ಪಕ್ಕದಿಂದ ಹೊರಟು, ತಿರುವಿನಲ್ಲಿ ನಿಂತು, ಎರಡೂ ಕಡೆ ನೋಡಿ, ಬಲಕ್ಕೆ ಹೋಯಿತು.

ಏಳುಸಲ ಸಾಮಾನು ಕಟ್ಟಿಕೊಂಡು, ಊಟ ಮಾಡಿಕೊಂಡು ಹೋಗು ಅಂದರೂ ನಿಲ್ಲದೆ ಹೊರಟ. ಯಜಮಾನರು ಶೆಡ್ಡು ಗುಡಿಸಿದರು. ಒಮ್ಮೆ ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದರು. ಗೇಟಿನವರೆಗೆ ಹೋಗಿ ರಸ್ತೆ ನೋಡಿ ಬಂದರು. ಹೆದರಿಕೆಯೂ ಇತ್ತು, ಅದರ ಪಕ್ಕದಲ್ಲೇ ಎದೆ ತುಂಬಾ ಸಂತೋಷವೂ ಇತ್ತು.

ಒಳಗೆ ಫೋನು ಹೊಡೆದುಕೊಂಡಿತು. ಓಡಿಹೋಗಿ ಎತ್ತಿದರೆ ಮಗಳು. ನಾಳೆ ಗುಜರಿಯವನು ಎಂಟಕ್ಕೇ ಬರುತ್ತಾನಂತೆ, ಅದನ್ನು ಹೇಳೋಣ ಅಂತ ಅಮ್ಮನಿಗೆ ಎಷ್ಟು ಸಲ ಫೋನು ಮಾಡಿದರೂ ಎತ್ತುತ್ತಿಲ್ಲ, ಹುಷಾರಿಲ್ಲವೇ, ಮಲಗಿದ್ದಾಳೆಯೇ ಅಂತ ಒಂದೇ ಉಸಿರಿನಲ್ಲಿ ಕೇಳಿದಳು.

"ಅವಳು ಗಾಡಿ ಓಡಿಸ್ತಿದ್ದಾಳಮ್ಮ," ಅಂದರು ಯಜಮಾನರು. "ಓಡಿಸುವಾಗ ಅವಳು ಫೋನ್ ಎತ್ತಲ್ಲ."

 ಆ ಕಡೆಯಿಂದ ಮಗಳು ಬಹಳ ಸಣ್ಣ ದನಿಯಲ್ಲಿ, ಅಪ್ಪ, ಯಾರ ಜೊತೆ ಅಂತ ಕೇಳಿದಳು.

"ಒಬ್ಬಳೇ."

"ಎಲ್ಲಿಗೆ ಹೋದ್ಲು?"

ಯಜಮಾನರು ಕಿಟಕಿಯಿಂದ ಖಾಲಿ ಶೆಡ್ಡನ್ನು ನೋಡಿದರು. "ಕೇಳಲಿಲ್ಲ," ಅಂದರು.